ಯಾರೂ ಬರೆಯದ ಪತ್ರ

(1/9)

ಸೊನ್ನೆ ಪರ್ಸೆಂಟ್. ರಾತ್ರಿ ಹತ್ತಕ್ಕೆ ನೋಡಿದಾಗಲೂ ಸೊನ್ನೆ, ಎರಡೂವರೆಗೆ ಎಚ್ಚರ ಆಗಿ ನೋಡಿದಾಗಲೂ ಸೊನ್ನೆ.

ಫೋಟೋದಲ್ಲಿ ಕಾಣ್ತಿರೋದು ನನ್ನ ಬೆಂಚ್‌ಮೇಟ್ ಹಾಸನದಿಂದ ಕಳಿಸಿದ ಸ್ಕ್ರೀನ್‌ಶಾಟ್. ವಿಷಯ ಏನಪ್ಪಾ ಅಂದ್ರೆ, ನಮ್ಮ ಕಾಲೇಜ್ ಫೆಸ್ಟ್‌ನ ವಿಡಿಯೋಗಳೆಲ್ಲ ನನ್ನ ಲ್ಯಾಪ್‌ಟಾಪ್‌ನಲ್ಲಿ ಇದ್ವು, ಒಟ್ಟು 38 ಜಿಬಿ. ಎಡಿಟ್ ಮಾಡೋಳು ಅವಳು. ಗೂಗಲ್ ಪುಕ್ಕಟೆ ಕೊಡೋ ಜಾಗ 15 ಜಿಬಿ, ಅದರಲ್ಲೂ ಅರ್ಧ ಆಗಲೇ ತುಂಬಿಹೋಗಿತ್ತು. ಹಾಗಾಗಿ ಒಂದು ಟೊರೆಂಟ್ ಫೈಲ್ ಮಾಡಿ ಕಳಿಸಿದೆ. ಟೊರೆಂಟ್ ಅಂದ ತಕ್ಷಣ ಕದ್ದ ಸಿನಿಮಾ ಅಂದ್ಕೋಬೇಡಿ. ನಮ್ಮದೇ ವಿಡಿಯೋ, ನಮ್ಮದೇ ಡ್ಯಾನ್ಸು, ತಿಪಟೂರಿನ ನಮ್ಮ ಮನೆಯಿಂದ ಹಾಸನಕ್ಕೆ.

ಬೆಳಿಗ್ಗೆ ಎದ್ದವಳೇ ನಮ್ಮ ಏರಿಯಾಗೆ ಇಂಟರ್‌ನೆಟ್ ಕೊಡೋ ಅಣ್ಣನಿಗೆ ಫೋನ್ ಹಾಕಿ ಜೋರು ಮಾಡಿದೆ. "ನೀವು ಟೊರೆಂಟ್ ಬ್ಲಾಕ್ ಮಾಡಿದ್ದೀರ, ನಂಗೊತ್ತು." "ಇಲ್ಲಮ್ಮ, ನಾವೇನೂ ಮಾಡಿಲ್ಲ" ಅಂದ್ರು. ನಾನು ನಂಬಲಿಲ್ಲ. ನಂಬದೇ ಇರೋಕೆ ಕಾರಣಾನೂ ಇತ್ತು. 2007ರಲ್ಲಿ ಅಮೆರಿಕದ ಒಂದು ದೊಡ್ಡ ಕಂಪನಿ ಇದೇ ಮಾತು ಹೇಳಿ ಸಿಕ್ಕಿಬಿದ್ದಿತ್ತು ಅಂತ ಎಲ್ಲೋ ಓದಿದ್ದೆ.

ಆಮೇಲೆ ಆ ಕಥೆಯನ್ನ ಪೂರ್ತಿ ಹುಡುಕಿ ಓದಿದೆ. ಇಂಟರ್‌ನೆಟ್‌ನ ಇತಿಹಾಸ ಅಂದ್ರೆ ಕೋಟ್ಯಧಿಪತಿಗಳ ಕಥೆ ಅಂತಾನೇ ನಾವು ಕೇಳಿರ್ತೀವಿ. ಇದು ಹಳೇ ಹಾಡು ಹಂಚೋಕೆ ಹೋದ ಒಬ್ಬರ ಕಥೆ. ನಾನು ಬಿಕಾಂ, ಹಾಗಾಗಿ ಲೆಕ್ಕದ ಪುಸ್ತಕದ ಭಾಷೆಯಲ್ಲೇ ಹೇಳ್ತೀನಿ. ಬಿಸಿಎನವರು ಸ್ವಲ್ಪ ಸಹಿಸ್ಕೊಳ್ಳಿ. ನನ್ನ ಸೊನ್ನೆ ಪರ್ಸೆಂಟ್‌ಗೆ ಏನಾಯ್ತು ಅನ್ನೋದು ಒಂಬತ್ತನೇ ಪೋಸ್ಟ್‌ನಲ್ಲಿ.

(2/9)

ಡೌನ್‌ಲೋಡ್ ಯಾಕೆ ನಿಂತಿತು ಅಂತ ಕೇಳೋಕೆ ಮುಂಚೆ, ಅದು ಯಾವ ನಿಯಮದ ಪ್ರಕಾರ ಓಡಬೇಕಿತ್ತು ಅಂತ ಗೊತ್ತಿರಬೇಕು. ಆಡಿಟಿಂಗ್ ಮೇಷ್ಟ್ರು ಹೇಳೋದೂ ಅದನ್ನೇ ಅಲ್ವಾ, ಸ್ಟ್ಯಾಂಡರ್ಡ್ ಗೊತ್ತಿಲ್ಲದವನು ತಪ್ಪು ಹಿಡಿಯೋಕೆ ಆಗಲ್ಲ.

ಇಂಟರ್‌ನೆಟ್‌ನ ನಿಯಮಗಳಿಗೆ ಪ್ರೊಟೊಕಾಲ್ ಅಂತಾರೆ. ಎರಡು ಕಂಪ್ಯೂಟರ್ ಮಾತಾಡುವಾಗ ಯಾರು ಮೊದಲು ಬಾಯಿ ತೆಗೀಬೇಕು, ಅರ್ಧಕ್ಕೆ ಕೇಳಿಸದೆ ಹೋದ್ರೆ ಏನು ಮಾಡಬೇಕು, ಮಾತು ಹೇಗೆ ಮುಗಿಸಬೇಕು, ಎಲ್ಲ ಅದರಲ್ಲಿ ಬರೆದಿರುತ್ತೆ. ಎಲ್ಲಿ ಬರೆದಿರುತ್ತೆ? ಆರ್‌ಎಫ್‌ಸಿ ಅನ್ನೋ ದಾಖಲೆಗಳಲ್ಲಿ. ಪೂರ್ತಿ ಹೆಸರು ರಿಕ್ವೆಸ್ಟ್ ಫಾರ್ ಕಾಮೆಂಟ್ಸ್, ಅಂದ್ರೆ "ನಿಮ್ಮ ಅಭಿಪ್ರಾಯ ಹೇಳಿ". ಕಾನೂನು ಪುಸ್ತಕಕ್ಕೆ ಎಂಥ ವಿನಯದ ಹೆಸರು ನೋಡಿ.

ಆ ವಿನಯಕ್ಕೆ ಕಾರಣ ಇದೆ. ಮೊದಲನೇ ಆರ್‌ಎಫ್‌ಸಿ ಬಂದಿದ್ದು 1969ರ ಏಪ್ರಿಲ್ 7ಕ್ಕೆ. ಬರೆದವರು ಸ್ಟೀವ್ ಕ್ರಾಕರ್, ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆಗಿನ್ನೂ ವಿದ್ಯಾರ್ಥಿ. ಆರ್ಪಾನೆಟ್ ಅನ್ನೋ ಹೊಸ ಜಾಲಕ್ಕೆ ನಿಯಮ ಬರೆಯೋ ಕೆಲಸ ಇವರಂಥ ಹುಡುಗರ ಕೈಗೆ ಬಂದಿತ್ತು. ಯಾರೋ ದೊಡ್ಡವರು ಬಂದು "ನಿಮಗ್ಯಾರ್ರೀ ಅಧಿಕಾರ ಕೊಟ್ಟಿದ್ದು" ಅಂತ ಕೇಳಿಬಿಡ್ತಾರೆ ಅನ್ನೋ ಅಳುಕು ಇತ್ತು. ಅದಕ್ಕೇ ಆ ಹೆಸರು. ಸ್ನೇಹಿತರ ಮನೆಯಲ್ಲಿ ಉಳ್ಕೊಂಡಿದ್ದ ಕ್ರಾಕರ್, ಮಲಗಿರೋರಿಗೆ ತೊಂದರೆ ಆಗಬಾರದು ಅಂತ ಬಾತ್‌ರೂಮಿನಲ್ಲಿ ಕೂತು ಬರೆದರಂತೆ. ಅವರೇ ಹೇಳ್ಕೊಂಡಿದ್ದಾರೆ. ಮೂರನೇ ಆರ್‌ಎಫ್‌ಸಿ ಪ್ರಕಾರ ಒಂದೇ ಒಂದು ವಾಕ್ಯ ಇದ್ದರೂ ಸಾಕು, ಕಳಿಸಬಹುದು. ನಮ್ಮ ಅಸೈನ್‌ಮೆಂಟ್‌ಗೂ ಹೀಗೆ ಅಂದಿದ್ರೆ!

ನಮ್ಮ ದೇಶದವರೂ ಇದರಲ್ಲಿದ್ದಾರೆ. ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಫೈಲ್ ಕಳಿಸೋ ನಿಯಮ, ಎಫ್‌ಟಿಪಿ, ಮೊದಲು ಬರೆದವರು ಅಭಯ್ ಭೂಷಣ್. ಐಐಟಿ ಕಾನ್ಪುರದ ಮೊದಲ ಬ್ಯಾಚ್, ಆಮೇಲೆ ಎಂಐಟಿ. ಅವರ ಆರ್‌ಎಫ್‌ಸಿ 114ರ ತಾರೀಖು 1971ರ ಏಪ್ರಿಲ್ 16.

ಇವತ್ತು 9,000ಕ್ಕೂ ಹೆಚ್ಚು ಆರ್‌ಎಫ್‌ಸಿ ಇವೆ. ಎಲ್ಲಾ ಪುಕ್ಕಟೆ. ನೀವು ಈಗಲೇ ತೆಗೆದು ಓದಬಹುದು. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಇದೇ ಕೆಲಸಕ್ಕೆ ಬರೋದು.

(3/9)

ಈ ಪೋಸ್ಟ್ ಸ್ವಲ್ಪ ಒಣ, ಆದ್ರೆ ಇದನ್ನ ಹಾರಿಸಿದ್ರೆ ಮುಂದೆ ಕಳ್ಳತನ ಹೇಗೆ ನಡೀತು ಅಂತ ಅರ್ಥ ಆಗಲ್ಲ.

1981ರ ಸೆಪ್ಟೆಂಬರ್‌ನಲ್ಲಿ ಆರ್‌ಎಫ್‌ಸಿ 793 ಬಂತು. ಟಿಸಿಪಿ ಅನ್ನೋ ಪ್ರೊಟೊಕಾಲ್. ನೀವು ಕಳಿಸೋ ಫೈಲ್ ಇಡಿಯಾಗಿ ಹೋಗಲ್ಲ, ಸಣ್ಣ ಸಣ್ಣ ಪ್ಯಾಕೆಟ್ ಆಗಿ ಹೋಗುತ್ತೆ. ಪ್ರತಿ ಪ್ಯಾಕೆಟ್ ಮೇಲೂ ನಾವು ಸ್ಕೂಲಲ್ಲಿ ಪತ್ರಲೇಖನಕ್ಕೆ ಬರೀತಿದ್ದ ಹಾಗೆ "ಇವರಿಂದ", "ಇವರಿಗೆ" ಅಂತ ವಿಳಾಸ. ಜೊತೆಗೆ ಒಂದು ಕ್ರಮಸಂಖ್ಯೆ, ವೋಚರ್ ನಂಬರ್ ಥರ. ಆ ಕಡೆಯವರು "ಇಷ್ಟನೇ ನಂಬರ್‌ವರೆಗೂ ಬಂತು" ಅಂತ ರಸೀದಿ ಕೊಡ್ತಾ ಹೋಗ್ತಾರೆ. ರಸೀದಿ ಬರಲಿಲ್ಲ ಅಂದ್ರೆ ಮತ್ತೆ ಕಳಿಸಬೇಕು. ಅಷ್ಟೇ ಕಣ್ರೀ. ಇಡೀ ಪ್ರಪಂಚದ ಡೌನ್‌ಲೋಡ್ ಬಹುಕಾಲ ಹೆಚ್ಚಾಗಿ ಈ ರಸೀದಿ ಪುಸ್ತಕದ ಮೇಲೇ ನಿಂತಿತ್ತು.

ಮಾತು ಮುಗಿಸೋಕೆ ಎರಡು ದಾರಿ ಇದೆ. ಒಂದು ಫಿನ್. "ನನ್ನ ಕಡೆಯಿಂದ ಇಷ್ಟೇ, ನಿಮ್ಮದೂ ಮುಗಿದ್ರೆ ಹೇಳಿ" ಅಂತ ಮರ್ಯಾದೆಯಾಗಿ ಹೊರಡೋದು. ಇನ್ನೊಂದು ರೀಸೆಟ್. ಇದು ಫೋನ್ ಪಟ್ ಅಂತ ಕುಕ್ಕಿದ ಹಾಗೆ. ಕಂಪ್ಯೂಟರ್ ಕೆಟ್ಟು ಮತ್ತೆ ಆನ್ ಆದಾಗ, ಹಳೇ ಮಾತುಕತೆ ನೆನಪಿಲ್ಲದಿದ್ದಾಗ, "ಯಾವ ಲೆಕ್ಕ? ನಂಗೊತ್ತಿಲ್ಲ, ಕ್ಲೋಸ್ ಮಾಡಿ" ಅನ್ನೋಕೆ ಇಟ್ಟ ವ್ಯವಸ್ಥೆ. ಸರಿಯಾದ ಕ್ರಮಸಂಖ್ಯೆ ಇರೋ ರೀಸೆಟ್ ಬಂದ್ರೆ ಈ ಕಡೆಯ ಕಂಪ್ಯೂಟರ್ ಮರುಪ್ರಶ್ನೆ ಕೇಳಲ್ಲ, ಸಂಪರ್ಕ ಕಡಿದುಹಾಕುತ್ತೆ.

ಇಲ್ಲೇ ಒಂದು ತೂತು. "ಇವರಿಂದ" ಅನ್ನೋ ಜಾಗದಲ್ಲಿ ಏನು ಬರೆದಿದೆಯೋ ಅದನ್ನ ನಂಬೋದು. ಸಹಿ ಇಲ್ಲ, ಸೀಲ್ ಇಲ್ಲ. 1981ರಲ್ಲಿ ಆ ಜಾಲದಲ್ಲಿದ್ದಿದ್ದು ವಿಶ್ವವಿದ್ಯಾಲಯ, ಸಂಶೋಧನಾ ಕೇಂದ್ರ, ಸೈನ್ಯದವರು. ನಡುವೆ ಇರೋ ಪೋಸ್ಟ್‌ಮ್ಯಾನೇ ಕಾಗದ ಬರೆದು ನಿಮ್ಮ ಹೆಸರು ಹಾಕ್ತಾನೆ ಅನ್ನೋ ಯೋಚನೆ ಯಾರಿಗೆ ಬರಬೇಕು?

(4/9)

ಟೊರೆಂಟ್ ಎಲ್ಲಿಂದ ಬಂತು ಅಂತ ಬೇಗ ಹೇಳಿಬಿಡ್ತೀನಿ.

1999ರಲ್ಲಿ ನ್ಯಾಪ್‌ಸ್ಟರ್ ಬಂತು, ಮಾಡಿದ್ದು ಶಾನ್ ಫ್ಯಾನಿಂಗ್ ಅನ್ನೋ ಕಾಲೇಜ್ ಹುಡುಗ. ಯಾರ ಹತ್ರ ಯಾವ ಹಾಡಿದೆ ಅನ್ನೋ ಪಟ್ಟಿ ಮಾತ್ರ ಕಂಪನಿ ಹತ್ರ, ಹಾಡು ಜನರ ಕಂಪ್ಯೂಟರ್‌ನಲ್ಲಿ. ಹಾಡಿನ ಕಂಪನಿಗಳು ಕೇಸ್ ಹಾಕಿದ್ವು, 2001ರ ಜುಲೈಗೆ ಅದು ಬಾಗಿಲು ಹಾಕ್ತು. ಅದೇ ಜುಲೈನಲ್ಲಿ ಬ್ರಾಮ್ ಕೋಹೆನ್ ಅನ್ನೋ ಪ್ರೋಗ್ರಾಮರ್ ಬಿಟ್‌ಟೊರೆಂಟ್ ಬಿಟ್ರು.

ಕೋಹೆನ್ ಯೋಚನೆ ನಮ್ಮ ಕ್ಲಾಸ್ ನೋಟ್ಸ್ ಥರ. ಒಬ್ಬಳ ನೋಟ್ಸ್‌ಗೆ ಅರವತ್ತು ಜನ ಕ್ಯೂ ನಿಂತ್ರೆ ಪರೀಕ್ಷೆ ಮುಗಿದರೂ ಕೊನೆಯವನಿಗೆ ಸಿಗಲ್ಲ. ಅದರ ಬದಲು ಒಬ್ಬೊಬ್ಬರಿಗೆ ಒಂದೊಂದು ಹಾಳೆ ಕೊಟ್ಟು, ನಿಮ್ಮ ನಿಮ್ಮಲ್ಲೇ ಜೆರಾಕ್ಸ್ ಮಾಡ್ಕೊಳ್ಳಿ ಅಂದ್ರೆ? ಫೈಲನ್ನ ತುಂಡು ಮಾಡಿ ಹಂಚೋದು, ಯಾರ ಹತ್ರಾನೂ ಹೆಚ್ಚಾಗಿ ಇಲ್ಲದ ತುಂಡನ್ನ ಮೊದಲು ಹಿಡಿಯೋದು, ಯಾರು ಕೊಡ್ತಾರೋ ಅವರಿಗೆ ಹೆಚ್ಚು ಕೊಡೋದು. ಪೂರ್ತಿ ಫೈಲ್ ಇಟ್ಕೊಂಡು ಕೊಡ್ತಾನೇ ಇರೋರಿಗೆ ಸೀಡರ್ ಅಂತ ಹೆಸರು. ಪ್ರತಿ ತುಂಡಿಗೂ 20 ಬೈಟ್‌ನ ಒಂದು ಹ್ಯಾಶ್ ಇರುತ್ತೆ, ಬೆರಳಚ್ಚು ಇದ್ದ ಹಾಗೆ. ಬಂದ ತುಂಡು ಅದಕ್ಕೆ ಹೊಂದಲಿಲ್ಲ ಅಂದ್ರೆ ಎಸೆದು ಮತ್ತೆ ಕೇಳುತ್ತೆ.

ಡಿಎಂನಲ್ಲಿ ಒಬ್ಬರು ಕೇಳಿದ್ರಿ, 99 ಪರ್ಸೆಂಟ್‌ಗೆ ಬಂದು ಯಾಕೆ ಸಾಯುತ್ತೆ ಅಂತ. ಸಾಮಾನ್ಯವಾಗಿ ಆ ಕೊನೇ ತುಂಡು ಈಗ ಆನ್‌ಲೈನ್ ಇರೋ ಯಾರ ಹತ್ರಾನೂ ಇರಲ್ಲ. ಇದ್ದ ಸೀಡರ್ ಲ್ಯಾಪ್‌ಟಾಪ್ ಮುಚ್ಚಿ ಊಟಕ್ಕೆ ಹೋಗಿರ್ತಾರೆ. ಸೀಡರ್ ಎಷ್ಟು ಜನ ಅಂತ ಮೊದಲು ನೋಡಿ, ಸೊನ್ನೆ ಇದ್ರೆ ರೂಟರ್‌ಗೆ ಹೊಡೀಬೇಡಿ.

(5/9)

ಈಗ ಅಸಲು ಕಥೆ. ಫೋಟೋದಲ್ಲಿರೋ ನಾಲ್ಕು ಕುರ್ಚಿ ನಮ್ಮ ಕಾಲೇಜ್ ಸ್ಟೇಜಿನವು, ಸುಮ್ಮನೆ ಮೂಡ್‌ಗೆ ಹಾಕಿದ್ದೀನಿ. ಯಾಕಂದ್ರೆ ಕಥೆ ಶುರುವಾಗೋದು ನಾಲ್ಕು ಜನರ ಹಾಡಿನಿಂದ.

ಅಮೆರಿಕದಲ್ಲಿ ಬಾರ್ಬರ್‌ಶಾಪ್ ಕ್ವಾರ್ಟೆಟ್ ಅಂತ ಒಂದು ಹಳೇ ಹಾಡುಗಾರಿಕೆ ಇದೆ. ನಾಲ್ಕು ಗಂಟಲು, ವಾದ್ಯ ಏನೂ ಇಲ್ಲ. ಆರೆಗನ್ ರಾಜ್ಯದ ರಾಬ್ ಟೊಪೋಲ್ಸ್ಕಿ ಅನ್ನೋರಿಗೆ ಅದರ ಹುಚ್ಚು, ತಾವೂ ಹಾಡ್ತಿದ್ರು. ಹೊಟ್ಟೆಪಾಡಿಗೆ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕೋ ಕೆಲಸ. ಕಾಪಿರೈಟ್ ಅವಧಿ ಮುಗಿದುಹೋಗಿದ್ದ ಹಳೇ ಬಾರ್ಬರ್‌ಶಾಪ್ ಹಾಡುಗಳನ್ನ ಬೇರೆ ಹುಚ್ಚರ ಜೊತೆ ಹಂಚ್ಕೊಳ್ಳೋಣ ಅಂತ 2007ರಲ್ಲಿ ಫೈಲ್‌ಶೇರಿಂಗ್ ಆನ್ ಮಾಡಿ ಇಟ್ರು. ಅವರ ಇಂಟರ್‌ನೆಟ್ ಕಂಪನಿ ಕಾಮ್‌ಕಾಸ್ಟ್, ಅಮೆರಿಕದ ಅತಿ ದೊಡ್ಡ ಕೇಬಲ್ ಕಂಪನಿ.

ಹಾಡು ಹೋಗ್ತಾನೇ ಇರಲಿಲ್ಲ. ಬೇರೆ ಏನು ಡೌನ್‌ಲೋಡ್ ಮಾಡಿದ್ರೂ ಸರಿಯಾಗಿ ಬರೋದು. ಇವರು ಕೊಡೋಕೆ ಹೋದ್ರೆ ಮಾತ್ರ ಎದುರಿನವರು ಸೇರ್ಕೊಂಡ ಹಾಗೆ ಆಗಿ ಬಿಟ್ಟು ಹೋಗೋರು.

ನಾನು, ನೀವು ಆಗಿದ್ರೆ ಏನು ಮಾಡ್ತಿದ್ವಿ? ರೂಟರ್ ಆಫ್ ಮಾಡಿ ಆನ್ ಮಾಡ್ತಿದ್ವಿ. ಫೈರ್‌ವಾಲ್ ತೆಗೀತಿದ್ವಿ. ಬೇರೆ ಸಾಫ್ಟ್‌ವೇರ್ ಹಾಕ್ತಿದ್ವಿ. ಆಮೇಲೆ ಹಣೆಬರಹ ಅಂತ ಬಿಡ್ತಿದ್ವಿ. ಟೊಪೋಲ್ಸ್ಕಿ ತಮ್ಮ ತಂತಿಯ ಮೇಲೆ ಹೋಗಿ ಬರೋ ಒಂದೊಂದು ಪ್ಯಾಕೆಟನ್ನೂ ಹಿಡಿದು ಬರೆದಿಡೋ ಸಾಫ್ಟ್‌ವೇರ್ ಹಾಕಿದ್ರು. ಹಾಕಿ, ಸಾಲು ಸಾಲಾಗಿ ಓದಿದ್ರು. ಇದು ಎಂಥ ಕೆಲಸ ಅಂತ ಗೊತ್ತಾಗಬೇಕಾದ್ರೆ ಒಂದು ಅಂಗಡಿಯ ವರ್ಷದ ಡೇ ಬುಕ್ ಕೂತು ಟಿಕ್ ಹಾಕಿ ನೋಡಿ. ನಾನು ನಮ್ಮ ಮಾವನ ಹಾರ್ಡ್‌ವೇರ್ ಅಂಗಡೀದು ಒಂದು ತಿಂಗಳದ್ದು ನೋಡೋಷ್ಟರಲ್ಲೇ ಕಣ್ಣು ಹೋಗಿತ್ತು.

ಅದರಲ್ಲಿ ಅವರಿಗೆ ಸಿಕ್ಕಿದ್ದು ರೀಸೆಟ್‌ಗಳು. ಹಾಡು ಕೇಳೋಕೆ ಬಂದವರ ಹೆಸರಲ್ಲೇ, ಸರಿಯಾದ ಕ್ರಮಸಂಖ್ಯೆ ಹಾಕ್ಕೊಂಡು, "ಲೆಕ್ಕ ಕ್ಲೋಸ್ ಮಾಡಿ" ಅನ್ನೋ ಪತ್ರ. ಹಾಡು ಬೇಕು ಅಂತ ತಾನಾಗೇ ಬಂದವನು ಬಂದ ಕೂಡಲೇ ಫೋನ್ ಕುಕ್ಕಿ ಹೋಗ್ತಾನಾ? ಒಬ್ಬ ಹೋದರೆ ಸರಿ, ಬಂದವರೆಲ್ಲ ಹಾಗೇ ಮಾಡ್ತಾರಾ?

ಆ ಪತ್ರಗಳನ್ನ ನಡುವೆ ಕೂತಿರೋ ಯಾರೋ ಬರೀತಿದ್ದಾರೆ ಅನ್ನೋ ತೀರ್ಮಾನಕ್ಕೆ ಅವರು ಬಂದ್ರು. 2007ರ ಮೇ ತಿಂಗಳಲ್ಲಿ ಕಂಡಿದ್ದನ್ನೆಲ್ಲ ಬರೆದು ಎಲ್ಲರಿಗೂ ಕಾಣೋ ಹಾಗೆ ಹಾಕಿದ್ರು. ಕಂಪನಿ ಮಾತು? ನಾವು ಯಾವ ಅಪ್ಲಿಕೇಷನ್ನೂ ಬ್ಲಾಕ್ ಮಾಡಲ್ಲ.

(6/9)

ಒಬ್ಬ ಗಿರಾಕಿ ಮಾತು ಒಂದು ಕಡೆ, ಲಕ್ಷಾಂತರ ಮನೆಗೆ ಲೈನ್ ಕೊಟ್ಟಿರೋ ಕಂಪನಿ ಮಾತು ಇನ್ನೊಂದು ಕಡೆ. ಯಾರನ್ನ ನಂಬ್ತೀರ?

ಇಲ್ಲಿ ಬಿಆರ್‌ಎಸ್ ಬರುತ್ತೆ. ಫಸ್ಟ್ ಪಿಯುಸಿಯಲ್ಲಿ ಮಾಡಿದ್ದು ನೆನಪಿದೆಯಲ್ಲ, ಬ್ಯಾಂಕ್ ರೀಕನ್ಸಿಲಿಯೇಷನ್. ಕ್ಯಾಶ್ ಬುಕ್ ನಮ್ಮದು, ಪಾಸ್ ಬುಕ್ ಬ್ಯಾಂಕಿನದು. ಎರಡನ್ನೂ ಪಕ್ಕಪಕ್ಕ ಇಟ್ಟು ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ಎಂಟ್ರಿ ಯಾವುದು ಅಂತ ಹುಡುಕೋದು. ಟೊಪೋಲ್ಸ್ಕಿ ಹತ್ರ ತಮ್ಮ ಕಡೆಯ ಪುಸ್ತಕ ಪಕ್ಕಾ ಇತ್ತು. ಎರಡೂ ಕಡೆಯ ಪುಸ್ತಕ ಒಬ್ಬರೇ ಹಿಡ್ಕೊಂಡು ನೋಡಿದ್ರೆ ವಾದಕ್ಕೆ ಜಾಗಾನೇ ಇರಲ್ಲ.

ಅದನ್ನ ಮಾಡಿದ್ದು ಅಸೋಸಿಯೇಟೆಡ್ ಪ್ರೆಸ್ ಅನ್ನೋ ಸುದ್ದಿಸಂಸ್ಥೆ. 2007ರ ಅಕ್ಟೋಬರ್ 19ರಂದು ಅವರ ವರದಿ ಬಂತು. ಪರೀಕ್ಷೆಗೆ ಆರಿಸಿದ ಫೈಲ್ ಯಾವುದು ಗೊತ್ತಾ? ಬೈಬಲ್. ಕಿಂಗ್ ಜೇಮ್ಸ್ ಅನುವಾದ. ಅಮೆರಿಕದಲ್ಲಿ ಅದಕ್ಕೆ ಕಾಪಿರೈಟ್ ಇಲ್ಲ, ಫೈಲೂ ಸಣ್ಣದು. "ಇವರು ಕದ್ದ ಮಾಲು ಹಂಚ್ತಿದ್ರು" ಅಂತ ಯಾರೂ ಬಾಯಿ ಬಿಡೋ ಹಾಗಿಲ್ಲ. ಒಂದು ಕಡೆ ಕಾಮ್‌ಕಾಸ್ಟ್ ಲೈನ್‌ನ ಕಂಪ್ಯೂಟರ್ ಕೊಡಬೇಕು, ಇನ್ನೊಂದು ಕಂಪ್ಯೂಟರ್ ತಗೋಬೇಕು. ಎರಡರಲ್ಲೂ ಪ್ಯಾಕೆಟ್ ಬರೆದಿಡೋ ಸಾಫ್ಟ್‌ವೇರ್.

ಮೂರು ಸಲ ಮಾಡಿದ್ರು. ಎರಡು ಸಲ ಫೈಲ್ ಹೋಗಲೇ ಇಲ್ಲ. ಮೂರನೇ ಸಲ ಹತ್ತು ನಿಮಿಷ ತಡವಾಗಿ ಶುರುವಾಯ್ತು. ಪುಸ್ತಕ ತೆಗೆದು ನೋಡಿದ್ರೆ, ಈ ಕಂಪ್ಯೂಟರ್‌ಗೆ ಆ ಕಂಪ್ಯೂಟರ್ ಹೆಸರಲ್ಲಿ "ನಿಲ್ಲಿಸು" ಅಂತ ಪತ್ರ ಬಂದಿದೆ. ಆ ಕಂಪ್ಯೂಟರ್‌ಗೆ ಇದರ ಹೆಸರಲ್ಲಿ ಅದೇ ಥರದ ಪತ್ರ. ಕಳಿಸಿದ ಲೆಕ್ಕದಲ್ಲಿ ಮಾತ್ರ ಎರಡು ಕಡೆಯೂ ಆ ಎಂಟ್ರಿ ಇಲ್ಲ.

ಎರಡೂ ಕಡೆ ಸ್ವೀಕೃತಿ ಇದೆ, ಎರಡೂ ಕಡೆ ರವಾನೆ ಇಲ್ಲ. ನಮ್ಮ ಬಿಆರ್‌ಎಸ್ ಲೆಕ್ಕದಲ್ಲಿ ಹೀಗೆ ಬಂದಿದ್ರೆ ಪ್ರಶ್ನೆಪತ್ರಿಕೆ ಪ್ರಿಂಟ್ ತಪ್ಪು ಅಂತ ಬಿಟ್ಟು ಎದ್ದು ಬರ್ತಿದ್ವಿ.

ಮುಂದಿನ ತಿಂಗಳು ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ಕೂಡ ತಾನೇ ಪರೀಕ್ಷೆ ಮಾಡಿ ವರದಿ ಹಾಕ್ತು, ಪ್ಯಾಕೆಟ್ ಫೋರ್ಜರಿ ಅನ್ನೋ ಪದ ಶೀರ್ಷಿಕೆಯಲ್ಲೇ ಇಟ್ಟು. ಕಂಪನಿ ಮಾತೂ ಬದಲಾಯ್ತು. ಬ್ಲಾಕ್ ಮಾಡ್ತಿಲ್ಲ, ತಡ ಮಾಡ್ತಿದ್ದೀವಿ ಅಷ್ಟೇ ಅಂತ.

(7/9)

ಕಂಪನಿ ಕಡೆಯ ನ್ಯಾಯಾನೂ ಹೇಳಬೇಕು, ಇಲ್ಲದಿದ್ರೆ ಇದು ಇತಿಹಾಸ ಆಗಲ್ಲ, ಬೈಗುಳ ಆಗುತ್ತೆ.

ಕೇಬಲ್ ಲೈನ್ ಅಂದ್ರೆ ಒಂದು ಬೀದಿಯ ನಲ್ಲಿ ಇದ್ದ ಹಾಗೆ, ಹಲವಾರು ಮನೆಗೆ ಸೇರಿ ಒಂದು. ಅದರಲ್ಲೂ ಮನೆಯಿಂದ ಹೊರಗೆ ಹೋಗೋ ದಾರಿ, ಅಪ್‌ಲೋಡ್, ತೀರಾ ಕಿರಿದು. ಜನ ನೋಡ್ತಾರೆ, ಓದ್ತಾರೆ, ಅವರು ಕಳಿಸೋದೇನಿರುತ್ತೆ ಅಂತ ಲೆಕ್ಕ ಹಾಕಿ ಕಟ್ಟಿದ್ದು. ಟೊರೆಂಟ್ ಬಂದು ಮನೆಮನೆಯವರೂ ಹಗಲೂ ರಾತ್ರಿ ಕೊಡೋಕೆ ನಿಂತಾಗ ಪಕ್ಕದ ಮನೆಯವರ ಇಂಟರ್‌ನೆಟ್ ಫೋನ್ ಕರೆ ತಡವರಿಸಬಹುದು. ಆ ತೊಂದರೆ ನಿಜ. ಆದ್ರೆ ಅದಕ್ಕೆ ಕಂಡುಕೊಂಡ ದಾರಿ, ಇಬ್ಬರ ಮಧ್ಯೆ ನಿಂತು ಒಬ್ಬರ ಸಹಿ ಫೋರ್ಜರಿ ಮಾಡೋದಾ? ಲೈನ್ ಖಾಲಿ ಇದ್ದಾಗಲೂ ಕಡೀತಿದ್ರು ಅನ್ನೋದೂ ಆಮೇಲೆ ಆದೇಶದಲ್ಲಿ ಬಂತು.

ಎಚ್ಚರಿಕೆ ಇರಲಿಲ್ಲ ಅನ್ನೋ ಹಾಗೂ ಇಲ್ಲ. ನಡುವೆ ಇರೋ ಯಂತ್ರಗಳು ಟಿಸಿಪಿ ರೀಸೆಟ್‌ನ ಬೇಕಾಬಿಟ್ಟಿ ಬಳಸೋದು ಅಪಾಯ ಅಂತ ಸ್ಯಾಲಿ ಫ್ಲಾಯ್ಡ್ ಅನ್ನೋ ಕಂಪ್ಯೂಟರ್ ವಿಜ್ಞಾನಿ 2002ರ ಆಗಸ್ಟ್‌ನಲ್ಲೇ ಆರ್‌ಎಫ್‌ಸಿ 3360 ಬರೆದಿದ್ರು. ಅವರು ಬರೆದಿದ್ದು ಫೈರ್‌ವಾಲ್‌ಗಳ ಬಗ್ಗೆ, ಆದ್ರೆ ಶೀರ್ಷಿಕೆ ಓದಿದ್ರೇ ಸಾಕಿತ್ತು. ಪುಕ್ಕಟೆ ಸಿಗೋ ದಾಖಲೆ, ಹೇಳಿದ್ನಲ್ಲ.

ವಿಷಯ ಅಮೆರಿಕದ ಎಫ್‌ಸಿಸಿಗೆ ಹೋಯ್ತು. ನಮ್ಮ ಟ್ರಾಯ್ ಥರದ ಸಂಸ್ಥೆ. 2008ರ ಫೆಬ್ರವರಿಯಲ್ಲಿ ಹಾರ್ವರ್ಡ್‌ನಲ್ಲಿ ಸಾರ್ವಜನಿಕ ವಿಚಾರಣೆ. ಜನ ಬಂದು ನೋಡಿದ್ರೆ ಸೀಟೇ ಇಲ್ಲ. ಕ್ಯೂನಲ್ಲಿ ಜಾಗ ಹಿಡಿಯೋಕೆ ದುಡ್ಡು ಕೊಟ್ಟು ಜನ ನಿಲ್ಲಿಸಿದ್ವಿ ಅಂತ ಕಂಪನಿ ಆಮೇಲೆ ಒಪ್ಕೊಳ್ತು. ರಾಜಕೀಯ ಸಭೆಗೆ ಲಾರಿಯಲ್ಲಿ ಜನ ತರೋದು ನಮ್ಮೂರಿನ ಕಲೆ ಮಾತ್ರ ಅಂದ್ಕೊಂಡಿದ್ದೆ.

2008ರ ಆಗಸ್ಟ್ 1ರಂದು 3-2 ಮತದಲ್ಲಿ ತೀರ್ಪು: ಇದು ತಪ್ಪು, ವರ್ಷ ಮುಗಿಯೋದರೊಳಗೆ ನಿಲ್ಲಿಸಿ, ಏನೇನು ಮಾಡಿದ್ರಿ ಅಂತ ಬಹಿರಂಗ ಮಾಡಿ. ದಂಡ ಹಾಕಲಿಲ್ಲ. ಗಿರಾಕಿಗಳು ಹಾಕಿದ್ದ ಇನ್ನೊಂದು ಕೇಸ್ 2009ರ ಕೊನೆಗೆ 1.6 ಕೋಟಿ ಡಾಲರ್‌ಗೆ ರಾಜಿ ಆಯ್ತು, ತಲೆಗೆ ಹೆಚ್ಚಂದ್ರೆ 16 ಡಾಲರ್. 2010ರ ಏಪ್ರಿಲ್ 6ರಂದು ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ ಎಫ್‌ಸಿಸಿ ಆದೇಶವನ್ನೇ ರದ್ದು ಮಾಡ್ತು. ಕಂಪನಿ ಮಾಡಿದ್ದು ಸರಿ ಅಂತಲ್ಲ, ಹಾಗೆ ಆದೇಶ ಕೊಡೋ ಅಧಿಕಾರ ಎಫ್‌ಸಿಸಿಗೆ ಇಲ್ಲ ಅಂತ. ಅಷ್ಟರಲ್ಲಿ ಕಂಪನಿ ಆ ಪದ್ಧತಿ ಬಿಟ್ಟಾಗಿತ್ತು.

(8/9)

ಕೋರ್ಟಲ್ಲಿ ಬಗೆಹರಿಯದ್ದು ಇನ್ನೊಂದು ಕಡೆ ಸ್ವಲ್ಪ ಬಗೆಹರೀತು. ನನಗೆ ಈ ಭಾಗವೇ ಹೆಚ್ಚು ಇಷ್ಟ, ಯಾರೂ ಹೆಚ್ಚು ಹೇಳಲ್ಲ.

ಬೀದಿ ನಲ್ಲಿಯ ಸಮಸ್ಯೆ ಹಾಗೇ ಇತ್ತಲ್ಲ. ಆರ್‌ಎಫ್‌ಸಿಗಳನ್ನ ತರೋ ಐಇಟಿಎಫ್ ಅನ್ನೋ ಇಂಜಿನಿಯರ್‌ಗಳ ಕೂಟ 2008ರ ಮೇ ತಿಂಗಳಲ್ಲಿ ಎಂಐಟಿಯಲ್ಲಿ ಸೇರ್ತು. ಬಿಟ್‌ಟೊರೆಂಟ್ ಕಡೆಯವರೂ ಬಂದ್ರು, ಕಾಮ್‌ಕಾಸ್ಟ್ ಕಡೆಯವರೂ ಬಂದ್ರು. ಅಲ್ಲಿಂದ ಮುಂದುವರಿದ ಕೆಲಸಗಳಲ್ಲಿ ಒಂದು ಲೆಡ್‌ಬ್ಯಾಟ್, ಆರ್‌ಎಫ್‌ಸಿ 6817, 2012ರ ಡಿಸೆಂಬರ್. ತತ್ವ ಸುಲಭ. ದೊಡ್ಡ ಫೈಲ್ ಕಳಿಸುವಾಗ ನಿಮ್ಮ ಪ್ಯಾಕೆಟ್‌ಗಳು ಎಷ್ಟು ತಡವಾಗಿ ತಲುಪ್ತಿವೆ ಅಂತ ಅಳೀತಾ ಇರಿ. ತಡ 100 ಮಿಲಿಸೆಕೆಂಡ್ ದಾಟೋ ಹಾಗಿದ್ರೆ ಯಾರೋ ಕ್ಯೂನಲ್ಲಿ ಕಾಯ್ತಿದ್ದಾರೆ ಅಂತ ಅರ್ಥ, ನೀವೇ ನಿಧಾನ ಮಾಡಿ ದಾರಿ ಬಿಡಿ. ಖಾಲಿ ಆದ್ಮೇಲೆ ಮತ್ತೆ ಓಡಿ. ಆಂಬ್ಯುಲೆನ್ಸ್ ಸದ್ದು ಕೇಳಿ ಪಕ್ಕಕ್ಕೆ ಸರಿಯೋ ಲಾರಿ ಥರ. ಇವತ್ತಿನ ಟೊರೆಂಟ್ ಸಾಫ್ಟ್‌ವೇರ್‌ಗಳಲ್ಲಿ ಇದೇ ಬಗೆಯ ವ್ಯವಸ್ಥೆ ಇರುತ್ತೆ.

ನಮ್ಮಲ್ಲಿ? 2016ರ ಫೆಬ್ರವರಿ 8ರಂದು ಟ್ರಾಯ್, ಒಂದೊಂದು ವೆಬ್‌ಸೈಟ್‌ಗೆ ಒಂದೊಂದು ರೇಟ್ ಹಾಕೋ ಹಾಗಿಲ್ಲ ಅಂತ ನಿಯಮ ತಂತು. ಡೇಟಾದಲ್ಲಿ ಭೇದ ಮಾಡಬಾರದು, ಬೇಕಂತ ಕಡಿಯಬಾರದು, ನಿಧಾನ ಮಾಡಬಾರದು ಅನ್ನೋ ಶಿಫಾರಸು 2017ರ ನವೆಂಬರ್‌ನಲ್ಲಿ ಬಂತು, 2018ರ ಜುಲೈನಲ್ಲಿ ಸರ್ಕಾರ ಒಪ್ಪಿಕೊಂಡಿತು. ಹಾಗಾಗಿ ಇಂಟರ್‌ನೆಟ್ ಅಣ್ಣನಿಗೆ ನಾನು ಜೋರು ಮಾಡಿದ್ದಕ್ಕೆ ಕಾನೂನಿನ ಬೆಂಬಲ ಇತ್ತು. ಇಲ್ಲದೇ ಇದ್ದಿದ್ದು ಸಾಕ್ಷಿ ಮಾತ್ರ.

(9/9)

ಸಾಕ್ಷಿ ಹುಡುಕೋಕೆ ಕೂತ್ವಿ. ಒಂದು ಭಾನುವಾರ, ನಾನು ತಿಪಟೂರಲ್ಲಿ, ಅವಳು ಹಾಸನದಲ್ಲಿ, ಇಬ್ಬರೂ ವೈರ್‌ಶಾರ್ಕ್ ಹಾಕ್ಕೊಂಡು, ಫೋನ್ ಸ್ಪೀಕರ್‌ಗೆ ಹಾಕಿ. ವೈರ್‌ಶಾರ್ಕ್ ಪುಕ್ಕಟೆ ಸಿಗುತ್ತೆ. ನಿಮ್ಮ ಸ್ವಂತ ಲೈನ್‌ನಲ್ಲಿ ಮಾತ್ರ ಬಳಸಿ, ಪಿಜಿಯ ವೈಫೈನಲ್ಲಿ ಬೇರೆಯವರದ್ದು ನೋಡೋಕೆ ಹೋಗ್ಬೇಡಿ.

ಅವಳ ಪುಸ್ತಕದಲ್ಲಿ "ಮಾತಾಡೋಣ್ವಾ?" ಅನ್ನೋ ಮೊದಲ ಪ್ಯಾಕೆಟ್ ಹೋಗಿದೆ. ಉತ್ತರ ಇಲ್ಲ. ಮತ್ತೆ ಹೋಗಿದೆ, ಪ್ರತಿ ಸಲ ಕಾಯೋ ಸಮಯ ಇಮ್ಮಡಿ ಆಗ್ತಾ. ಉತ್ತರ ಇಲ್ಲ. ನನ್ನ ಪುಸ್ತಕದಲ್ಲಿ ಅವಳಿಂದ ಏನೂ ಬಂದೇ ಇಲ್ಲ. ಒಂದೇ ಒಂದು ರೀಸೆಟ್ ಕೂಡ ಎರಡೂ ಕಡೆ ಇಲ್ಲ. ಅಂದ್ರೆ ಯಾರೂ ಸುಳ್ಳು ಪತ್ರ ಬರೆದಿಲ್ಲ. ಅವಳ ಪತ್ರಕ್ಕೆ ನನ್ನ ಮನೆ ಸಿಕ್ಕಿಲ್ಲ.

ಆಮೇಲೆ ರೂಟರ್‌ನ ಪುಟ ತೆಗೆದೆ. ಅದರ ಹೊರಗಿನ ವಿಳಾಸ 100.72 ಅಂತ ಶುರುವಾಗ್ತಿತ್ತು. "ನನ್ನ ಐಪಿ ಏನು" ಅಂತ ಹುಡುಕಿದ್ರೆ ಬಂದಿದ್ದು ಬೇರೆಯೇ ನಂಬರ್. ಎರಡೂ ಹೊಂದಲಿಲ್ಲ ಅಂದ್ರೆ, ಅದರಲ್ಲೂ 100.64ರಿಂದ 100.127ರ ಒಳಗಿದ್ರೆ, ವಿಷಯ ಇಷ್ಟು: ನಿಮಗೆ ಸ್ವಂತ ಮನೆ ನಂಬರ್ ಇಲ್ಲ.

1981ರ ಇನ್ನೊಂದು ಆರ್‌ಎಫ್‌ಸಿ, 791, ಪ್ರತಿ ವಿಳಾಸಕ್ಕೆ 32 ಬಿಟ್ ಕೊಟ್ಟಿತ್ತು. ಸುಮಾರು 429 ಕೋಟಿ ವಿಳಾಸ. ಆಗ ಅದು ಬೇಕಾದಷ್ಟಾಯ್ತು. 2011ರ ಫೆಬ್ರವರಿ 3ರಂದು ವಿಶ್ವಮಟ್ಟದ ಗೋದಾಮಿನ ಕೊನೇ ಕಟ್ಟುಗಳನ್ನೂ ಹಂಚಿ ಮುಗಿಸಿದ್ರು. ಆಮೇಲೆ ಬಂದ ಸಣ್ಣ ಕಂಪನಿಗಳು ಒಂದು ವಿಳಾಸವನ್ನ ತುಂಬಾ ಮನೆಗೆ ಹಂಚಬೇಕಾಯ್ತು. ಹಾಗೆ ಹಂಚೋಕೆ ಅಂತಾನೇ 2012ರ ಏಪ್ರಿಲ್‌ನಲ್ಲಿ ಆರ್‌ಎಫ್‌ಸಿ 6598 ಆ 100.64ರ ಗುಂಪನ್ನ ಎತ್ತಿಟ್ಟಿತು. ಹಾಸ್ಟೆಲ್‌ಗೆಲ್ಲ ವಾರ್ಡನ್ ರೂಮಿನ ಒಂದೇ ಫೋನ್ ಇದ್ದ ಹಾಗೆ. ನಾವು ಹೊರಗೆ ಮಾಡಬಹುದು, ಹೊರಗಿನವರು ಮಾಡಿದ್ರೆ ಯಾವ ರೂಮಿಗೆ ಅಂತ ವಾರ್ಡನ್‌ಗೆ ಗೊತ್ತಿಲ್ಲ, ಇಟ್ಟುಬಿಡ್ತಾರೆ. ರೀಲ್ಸ್ ನೋಡೋಕೆ ಇದರಿಂದ ಏನೂ ತೊಂದರೆ ಇಲ್ಲ, ಅಲ್ಲಿ ಕರೆ ಮಾಡೋದು ನಾವೇ. ಬೇರೆ ಯಾರಾದ್ರೂ ಸ್ವಂತ ವಿಳಾಸ ಇರೋರು ಟೊರೆಂಟ್‌ನಲ್ಲಿ ಇದ್ದಿದ್ರೂ ನಡೀತಿತ್ತು, ಅವರ ಮೂಲಕ ತುಂಡುಗಳು ಹೋಗ್ತಿದ್ವು. ನಾವಿದ್ದಿದ್ದು ಇಬ್ಬರೇ. ಅವಳದ್ದು ಮೊಬೈಲ್ ಹಾಟ್‌ಸ್ಪಾಟ್, ಅಲ್ಲೂ ಇದೇ ಕಥೆ. ಇಬ್ಬರೂ ಹಾಸ್ಟೆಲ್‌ನಲ್ಲಿ, ಇಬ್ಬರಿಗೂ ಒಳಬರೋ ಕರೆ ಇಲ್ಲ.

ಇದಕ್ಕೆ ಮದ್ದು ಐಪಿವಿ6, 128 ಬಿಟ್‌ನ ವಿಳಾಸ. ಅದರ ಮೊದಲ ಆರ್‌ಎಫ್‌ಸಿ 1995ರದ್ದು. ಮೊಬೈಲ್‌ನಲ್ಲಿ ನಮ್ಮ ದೇಶ ಅದರಲ್ಲಿ ಮುಂದಿದೆ. ನಮ್ಮ ಮನೆ ಲೈನ್‌ಗೆ ಇನ್ನೂ ಬಂದಿಲ್ಲ.

ಅಣ್ಣನಿಗೆ ಮತ್ತೆ ಫೋನ್ ಮಾಡಿದೆ, ಈ ಸಲ ಮೆತ್ತಗೆ. "ಅಣ್ಣ, ಅವತ್ತು ಬೈದಿದ್ದಕ್ಕೆ ಸಾರಿ. ನೀವು ಬ್ಲಾಕ್ ಮಾಡಿರಲಿಲ್ಲ." "ಹೇಳಿದ್ನಲ್ಲಮ್ಮ" ಅಂದ್ರು. ಸ್ವಂತ ಪಬ್ಲಿಕ್ ಐಪಿ ಬೇಕು ಅಂದೆ. ಅದಕ್ಕೆ ತಿಂಗಳಿಗೆ ಬೇರೆ ದುಡ್ಡು ಆಗುತ್ತೆ ಅಂದ್ರು. ಅಪ್ಪನ ಮುಖ ನೋಡಿದೆ. ಅಪ್ಪ ಪೇಪರ್ ಓದ್ತಿದ್ರು.

38 ಜಿಬಿ ಕೊನೆಗೂ ಹೋಯ್ತು. ಪ್ಯಾಕೆಟ್‌ನ ಪಾರಿವಾಳದ ಕಾಲಿಗೆ ಕಟ್ಟಿ ಕಳಿಸೋ ಬಗ್ಗೆಯೂ ಒಂದು ಆರ್‌ಎಫ್‌ಸಿ ಇದೆ, 1149, 1990ರ ಏಪ್ರಿಲ್ 1ರ ತಮಾಷೆ. ನಮ್ಮ ಹತ್ರ ಪಾರಿವಾಳ ಇರಲಿಲ್ಲ, ಕೆಎಸ್‌ಆರ್‌ಟಿಸಿ ಇತ್ತು. ಹಾರ್ಡ್ ಡಿಸ್ಕ್‌ನ ಬಟ್ಟೆಯಲ್ಲಿ ಸುತ್ತಿ, ಹಾಸನಕ್ಕೆ ಹೊರಟಿದ್ದ ನಮ್ಮ ಕ್ಲಾಸ್‌ನವನ ಕೈಗೆ ಕೊಟ್ಟೆ. ಅರಸೀಕೆರೆ ಮೇಲೆ ಎರಡು ಗಂಟೆ ಹಿಡೀತು. ಲೆಕ್ಕ ಹಾಕಿದ್ರೆ ಸೆಕೆಂಡಿಗೆ ಸುಮಾರು 42 ಮೆಗಾಬಿಟ್. ಅಣ್ಣನ ಪ್ಲಾನ್‌ನಲ್ಲಿ ನನ್ನ ಅಪ್‌ಲೋಡ್ 40.